ಐದೂವರೆಗೆ ಏಳುವ ಗೆರೆ

ಮೂರನೆಯ ದಿನದ ಎಡೆ ಇಟ್ಟು ಬಂದ ಮೇಲೆ ನೆಂಟರೆಲ್ಲ ತಂತಮ್ಮ ಊರಿನ ಬಸ್ಸು ಹಿಡಿದರು. ಮಾರನೆಯ ಬೆಳಿಗ್ಗೆ ಹಾಲಿನ ಶೇಖರಪ್ಪ ಎಂದಿನಂತೆ ಗೇಟಿನ ಕೊಂಡಿ ಬಡಿದ. ವಾರಿಜಾ ಪಾತ್ರೆ ಹಿಡಿದು ಹೊರಗೆ ಬಂದಳು. ಅವನು ಅರ್ಧ ಲೀಟರು ಹಾಕಿ, ಇನ್ನರ್ಧಕ್ಕೆ ಅಳತೆ ಅದ್ದಿದವನು ಕೈ ತಡೆದ.

"ಇನ್ನ ಮ್ಯಾಲೆ ಇಷ್ಟ ಸಾಕೇನ್ರಿ ಅಕ್ಕಾರ?"

"ದಿನಾ ಹಾಕೂವಷ್ಟ ಹಾಕ್ರಿ," ಎಂದಳು.

ಒಳಗೆ ಬಂದು ಹಾಲು ಒಲೆಯ ಮೇಲಿಟ್ಟಳು. ಉಕ್ಕುವುದನ್ನು ಕಾಯುತ್ತ, ಎರಡು ವರ್ಷದ ರೂಢಿಯಂತೆ, ಕಣ್ಣು ಗೋಡೆಯ ಮೇಲಿನ ಡಬ್ಬಿಯ ಪರದೆಯತ್ತ ಹೋಯಿತು.

ಗೆರೆ ಎದ್ದಿತ್ತು.

ಮೊದಲು ಅವಳಿಗೆ ಏನೂ ಅನ್ನಿಸಲಿಲ್ಲ. ಪ್ರತಿ ಬೆಳಿಗ್ಗೆ ಐದೂವರೆಗೆ ಅದು ಏಳುತ್ತಿತ್ತು, ಆರೂಕಾಲರವರೆಗೆ ಅಲೆಅಲೆಯಾಗಿ ಓಡಿ ಕೆಳಗಿಳಿಯುತ್ತಿತ್ತು. ಈಗಲೂ ಓಡುತ್ತಿತ್ತು. ಪಕ್ಕದಲ್ಲಿ ಹಸಿರು ಅಂಕಿ: ಸೊನ್ನೆ. ಹಾಲು ಉಕ್ಕಿ ಒಲೆ ಆರಿದಾಗ ಅವಳಿಗೆ ನೆನಪಾಯಿತು, ಈ ಗೆರೆಯ ಒಡೆಯನನ್ನು ಕಾಲುವೆಯಾಚೆಯ ಮಸಣದಲ್ಲಿ ಮಣ್ಣು ಮಾಡಿ ಮೂರು ದಿನವಾಗಿದೆ.

ಅವಳ ಗಂಡ ಮೌನೇಶ ಬಡಿಗೇರ ನೀರಾವರಿ ಇಲಾಖೆಯಲ್ಲಿದ್ದ. ಮೂವತ್ತೆರಡನೇ ಮೈಲಿ ಕ್ಯಾಂಪಿನ ಕ್ವಾರ್ಟರ್ಸಿನಲ್ಲಿ ಮನೆ. ಅಡುಗೆಮನೆಯ ಕಿಟಕಿ ತೆರೆದರೆ ಕಾಲುವೆಯ ಏರಿ ಕಾಣುತ್ತಿತ್ತು. ನಲವತ್ನಾಲ್ಕಕ್ಕೆ ಅವನಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಆಯಿತು. ಆ ವಯಸ್ಸಿಗೆ ಬರುವುದು ಅಪರೂಪ, ಬಂದರೆ ಅವಸರದ್ದು ಎಂದು ಡಾಕ್ಟರು ಹೇಳಿದ್ದರು. ರೋಗ ಗ್ರಂಥಿಯೊಳಗೇ ಕೂತಿದೆಯೋ, ದುಗ್ಧನಾಳಗಳ ದಾರಿ ಹಿಡಿದು ಹೊರಟಿದೆಯೋ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿತ್ತು.

ವಾರಿಜಾ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಕೆಲಸ. ಆದರೂ ಅದನ್ನು ಅವಳಿಗೆ ಸರಿಯಾಗಿ ತಿಳಿಸಿಕೊಟ್ಟವನು ಅವನೇ. "ರಕ್ತ ಅಂದ್ರ ಮೇನ್ ಕಾಲುವಿ. ಗದ್ದಿಗೆ ನೀರು ಉಣಸ್ತೈತಿ. ಉಂಡು ಉಳಿದ ನೀರು ಬಸದು ಹೋಗಾಕ ಬಸಿಗಾಲುವಿ ಬೇಕಲ್ಲ, ಅದ ಈ ದುಗ್ಧನಾಳ. ಅಲ್ಲಲ್ಲಿ ಜಾಳಿಗಿ ಹಾಕಿದ ಗುಂಡಿ ಅದಾವ, ಕಸ ಹಿಡಿಯಾಕ. ಕಾಲಾಗ ಮುಳ್ಳು ಮುರದ್ರ ತೊಡಿಸಂದ್ಯಾಗ ಗಂಟು ಏಳ್ತೈತಲ್ಲ, ಅಂಥಾವು. ನನ್ನ ಕಸ ಎಷ್ಟು ಗುಂಡ್ಯಾಗ ಬಿದ್ದೈತಿ ಅಂತ ಎಣಸೂದ ಈ ಡಬ್ಬಿ ಕೆಲಸ."

ಸರ್ಕಾರದ ನಿಗಾ ಯೋಜನೆ ಬಂದಿದ್ದು ಆಗಲೇ. ಆಪರೇಷನ್ ಮಾಡುವಾಗ ಕಿಬ್ಬೊಟ್ಟೆಯ ದುಗ್ಧಗ್ರಂಥಿಗಳ ಪಕ್ಕ, ಬೆನ್ನುಮೂಳೆಯ ಗುಂಟ ಮೇಲಿನವರೆಗೆ, ಹದಿನಾಲ್ಕು ಕಾವಲು ಕಾಳುಗಳನ್ನು ನೆಡುತ್ತಿದ್ದರು. ಒಂದೊಂದೂ ಎಳ್ಳಿನಷ್ಟು. ಗ್ರಂಥಿಯಲ್ಲಿ ಕ್ಯಾನ್ಸರ್ ಜೀವಕೋಶ ನೆಲೆಯೂರಿದರೆ ಪಕ್ಕದ ಕಾಳು ತನ್ನ ದನಿ ಬದಲಿಸುತ್ತಿತ್ತು. ಸೊಂಟಕ್ಕೆ ಕಟ್ಟಿದ ಪಟ್ಟಿ ಆ ದನಿ ಕೇಳಿ ತಾಲ್ಲೂಕಿನ ನಿಗಾ ಕೇಂದ್ರಕ್ಕೂ ಮನೆಯ ಡಬ್ಬಿಗೂ ಕಳಿಸುತ್ತಿತ್ತು. ಕಾಳಿಗೆ ಹೆಸರಿರಲಿಲ್ಲ, ಹತ್ತಿರ ಬಂದ ಯಾವ ಪಟ್ಟಿಗಾದರೂ ಅದು ಉತ್ತರ ಕೊಡುತ್ತಿತ್ತು. ಹೆಸರು ಇದ್ದದ್ದು ಪಟ್ಟಿಗೆ.

ಅಂಕಿ ರೋಗದ್ದು. ಗೆರೆ ದುಗ್ಧರಸದ ಹರಿವಿನದು. ಆ ರಸವನ್ನು ತಳ್ಳಲು ಹೃದಯದಂಥ ಪಂಪು ಇಲ್ಲ; ಕಾಲು ಆಡಿದರೆ, ಉಸಿರು ಆಡಿದರೆ ಅದು ಏರುತ್ತದೆ. ಹಾಗಾಗಿ ಗೆರೆ ನೋಡಿ ಮನುಷ್ಯ ಮಲಗಿದ್ದಾನೋ ನಡೆಯುತ್ತಿದ್ದಾನೋ ಹೇಳಬಹುದಿತ್ತು. ಸತ್ತವನ ಗೆರೆ ಅರ್ಧ ತಾಸಿನಲ್ಲಿ ನೆಲಕ್ಕೆ ಮಲಗಬೇಕು.

ವಾರಿಜಾ ಒಲೆ ಒರೆಸಿ ಪಡಸಾಲೆಗೆ ಹೋಗಿ ಟ್ರಂಕು ತೆರೆದಳು. ಹೆಣಕ್ಕೆ ನೀರು ಹಾಕುವ ಮುಂಚೆ ತಾನೇ ಬಿಚ್ಚಿ ಇಟ್ಟ ಪಟ್ಟಿ ಅಲ್ಲೇ ಇತ್ತು. ದೀಪ ಆರಿತ್ತು. ಅದನ್ನು ಬೆಳಕಿಗೆ ಹಿಡಿದಳು. ಮೌನೇಶ ಸೊರಗುತ್ತ ಹೋದ ಹಾಗೆ ಮೊಳೆ ಕಾಯಿಸಿ ಹೊಸ ಹೊಸ ತೂತು ಕೊರೆದುಕೊಂಡಿದ್ದ, ಐದು ತೂತು. ಆದರೆ ಪಟ್ಟಿಯ ಇನ್ನೊಂದು ತುದಿಯಲ್ಲಿ, ದೊಡ್ಡ ಹೊಟ್ಟೆಯ ಮನುಷ್ಯ ಕಟ್ಟುವ ಜಾಗದಲ್ಲಿ, ಒಂದು ತೂತು ಎಳೆದೆಳೆದು ಮೊಟ್ಟೆಯಾಕಾರ ತಾಳಿತ್ತು. ಮೌನೇಶನಿಗೆ ಅಂಥ ಹೊಟ್ಟೆ ಎಂದೂ ಇರಲಿಲ್ಲ. ಯಾರೋ ಬಳಸಿದ ಹಳೆಯದನ್ನು ಕೊಟ್ಟಿರಬೇಕು ಎಂದುಕೊಂಡು ಮಡಿಸಿಟ್ಟಳು.

ಅಡುಗೆಮನೆಗೆ ಬಂದರೆ ಅತ್ತೆ ಈರಮ್ಮ ಡಬ್ಬಿಯ ಮುಂದೆ ನಿಂತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ಗೆರೆ ನೋಡಲು ಓದು ಬೇಕಿರಲಿಲ್ಲ.

"ಎದ್ದಾನ," ಎಂದಳು ಮೆಲ್ಲಗೆ. "ನಿನ್ನೆ ಕಾಗಿ ಎಡಿ ಮುಟ್ಟಲಿಲ್ಲ. ಆಗ ಅಂದ್ಕೊಂಡೆ, ಇವ ಇನ್ನಾ ಹೋಗಿಲ್ಲ ಅಂತ."

"ಡಬ್ಬಿ ಕೆಟ್ಟಿರಬೇಕ್ರಿ ಅತ್ತಿ."

"ಕೆಟ್ಟದ್ದು ನಡೀತೈತೇನ ಹಿಂಗ? ನೋಡಲ್ಲಿ, ಈಗ ಕಾಲುವಿ ಏರಿ ಹತ್ತಿದ. ಏದುಸಿರು ಬಿಡಾಕತ್ತಾನ."

ಗೆರೆ ಒಂದು ಕ್ಷಣ ಎತ್ತರಕ್ಕೆ ಹೋಗಿ ಮತ್ತೆ ಸಮವಾಯಿತು. ಈರಮ್ಮ ಒಂದು ಲೋಟ ಚಹಾ ಸೋಸಿ ಡಬ್ಬಿಯ ಕೆಳಗಿನ ಕಟ್ಟೆಯ ಮೇಲಿಟ್ಟಳು. ಆರೂಕಾಲಕ್ಕೆ ಗೆರೆ ಇಳಿದಾಗ, "ಬಂದು ಕುಂತ," ಎಂದು ಲೋಟಕ್ಕೆ ತಟ್ಟೆ ಮುಚ್ಚಿದಳು.

ಆಮೇಲಿನ ದಿನಗಳು ಹಾಗೇ ನಡೆದವು. ಐದೂವರೆಗೆ ಅವನು ಏಳುತ್ತಿದ್ದ. ಒಂಬತ್ತಕ್ಕೆ ಸ್ವಲ್ಪ ಓಡಾಡುತ್ತಿದ್ದ. ಮಧ್ಯಾಹ್ನ ಮಲಗುತ್ತಿದ್ದ. ಬೆಳಗಿನ ನಡಿಗೆ ದಿನದಿಂದ ದಿನಕ್ಕೆ ಉದ್ದವಾಗುತ್ತಿತ್ತು. ಮುಕ್ಕಾಲು ತಾಸು ಇದ್ದದ್ದು ಒಂದು ತಾಸು ದಾಟಿತು. ಮಾತಾಡಿಸಲು ಬಂದವರು ಹಿತ್ತಲ ಬಾಗಿಲಲ್ಲೇ ಕೂತು ಹೋಗುತ್ತಿದ್ದರು, ಅಡುಗೆಮನೆಯತ್ತ ನೋಡುತ್ತಿರಲಿಲ್ಲ. ವಾರಿಜಾ ಅಳಲಿಲ್ಲ. ಅಳುವುದಕ್ಕೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಪಾತ್ರೆ ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು.

ಡಬ್ಬಿ ಬಂದ ಮೊದಲ ವರ್ಷ ಅವಳು ಹೀಗೆಯೇ ಇದ್ದಳು. ಅಂಕಿ ಎರಡಿದ್ದದ್ದು ನಾಲ್ಕಾಯಿತು, ಆರಾಯಿತು. ಅವಳು ಗ್ರಾಫ್ ಹಾಳೆ ತಂದು ತಾಸುತಾಸಿಗೂ ಚುಕ್ಕಿ ಇಟ್ಟಳು. ಊಟ ಬಡಿಸುವಾಗ ಅವನ ತಟ್ಟೆ ನೋಡುತ್ತಿರಲಿಲ್ಲ, ಗೋಡೆ ನೋಡುತ್ತಿದ್ದಳು. ಒಂದು ದಿನ ಅವನು ಅನ್ನ ಕಲಸುತ್ತ ನಿಲ್ಲಿಸಿ ಹೇಳಿದ್ದ: "ನಾನೂ ಕಾಲುವಿ ಗೇಜು ಓದಾಂವ. ಆದ್ರ ನೀರು ನೋಡದ ಬರೇ ಗೇಜ ನೋಡವ್ರು ಅಂದ್ರ ನಾ ಕಂಡಿದ್ದು ನಿನ್ನನ್ನ ಮೊದಲ. ಇಲ್ಲಿ ನನ್ನ ಮಾರಿ ಐತಿ, ನೋಡು."

ಅದಾಗಿ ಒಂದು ತಿಂಗಳಿಗೆ ಅಂಕಿ ಸೊನ್ನೆಗೆ ಇಳಿಯಿತು. "ಹೊಸ ಸೂಜಿ ಹಿಡೀತು," ಎಂದ. ಅವಳು ಗ್ರಾಫ್ ಹಾಳೆಗಳನ್ನು ಸುತ್ತಿ ಅಟ್ಟಕ್ಕೆ ಹಾಕಿದಳು. ಆಮೇಲಿನ ಹತ್ತು ತಿಂಗಳು ಅವರು ಗಂಡ ಹೆಂಡತಿಯಾಗಿದ್ದರು. ಸಂಜೆ ಏರಿಯ ಮೇಲೆ ಕೂತು ಹುರಿದ ಶೇಂಗಾ ತಿಂದರು, ಸುಮ್ಮಸುಮ್ಮನೆ ಜಗಳ ಆಡಿದರು. ಒಮ್ಮೆ, ಅವನಿನ್ನೂ ಪಕ್ಕದಲ್ಲಿ ಮಲಗಿರುವಾಗಲೇ ಗೆರೆ ಎದ್ದು ಓಡುತ್ತಿದ್ದುದನ್ನು ಕಂಡು ಕೇಳಿದ್ದಳು. "ಡಬ್ಬಿ ಅರ್ಧ ದಿನ ಹಿಂದೈತಿ. ನಿನ್ನಿ ಸಂಜಿ ನಡದದ್ದು ಈಗ ತೋರಸ್ತೈತಿ," ಎಂದಿದ್ದ. ಅವಳು ನಂಬಿದಳು. ಅವನ ಎಡಗಾಲು ಊದಿದಾಗ ಕೆಸರಿನಲ್ಲಿ ಏನೋ ಕಡಿಯಿತು ಎಂದ, ಅದನ್ನೂ ನಂಬಿದಳು. ಬಸಿಗಾಲುವೆ ಕಟ್ಟಿಕೊಂಡ ಹೊಲ ನೀರು ನಿಂತು ಜವಳಾಗುತ್ತದೆ ಎಂದು ದಿನಕ್ಕೆ ನಾಲ್ಕು ವರದಿ ಬರೆಯುತ್ತಿದ್ದವಳು, ಬೆರಳಿಟ್ಟರೆ ಗುಳಿ ಬೀಳುತ್ತಿದ್ದ ಆ ಕಾಲಿಗೆ ಎಣ್ಣೆ ಹಚ್ಚಿದಳು.

ಗುರುವಾರ ಮಧ್ಯಾಹ್ನ ಅವನು ಮಂಚದಿಂದ ಎದ್ದು ಕೂತ, ಎದೆ ಹಿಡಿದುಕೊಂಡ, ಅಷ್ಟೇ. ಮೂರು ನಲವತ್ತು. ತಾಲ್ಲೂಕು ಆಸ್ಪತ್ರೆಯಿಂದ ಮನೆಗೆ ಬಂದ ಡಾಕ್ಟರು, ಕಾಲಿನ ರಕ್ತ ಹೆಪ್ಪುಗಟ್ಟಿ ಪುಪ್ಪುಸಕ್ಕೆ ಹೋಗಿದೆ ಎಂದರು. ನಿಗಾ ವರದಿ ತಿರುವಿ, "ಎಣಿಕೆ ಸೊನ್ನೆ ಇದ್ದವರಿಗೆ ಹೀಗಾಗೋದು ಕಡಿಮೆ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಈರಮ್ಮ ಆ ದಿನ ಮಗಳ ಊರಲ್ಲಿದ್ದಳು. ಬರುವಷ್ಟರಲ್ಲಿ ಮಗನನ್ನು ಗೋಡೆಗೆ ಆನಿಸಿ ಕೂರಿಸಿ ಹೂ ಹಾಕಿಯಾಗಿತ್ತು.

ಎಂಟನೆಯ ದಿನ, ಗೆರೆ ಎದ್ದು ಹತ್ತು ನಿಮಿಷವಾಗಿರಬೇಕು, ಅಂಕಿ ಹಸಿರಿನಿಂದ ಹಳದಿಗೆ ತಿರುಗಿತು.

ಒಂದು.

ಈರಮ್ಮ ಚಹಾದ ಲೋಟ ಕೆಳಗಿಟ್ಟಳು. "ಏನಾತಬೇ? ಬಣ್ಣ ಯಾಕ ಹೊಳ್ಳಿತು?"

ವಾರಿಜಾ ಡಬ್ಬಿಯ ಹತ್ತಿರ ಹೋದಳು. ಇಷ್ಟು ದಿನ ನಡೆದದ್ದಾದರೆ ನೆನಪು ಎನ್ನಬಹುದಿತ್ತು, ಕೆಟ್ಟ ಯಂತ್ರ ಎನ್ನಬಹುದಿತ್ತು. ಆದರೆ ಸತ್ತವನ ಮೈಯಲ್ಲಿ ರೋಗ ಹರಡುವುದೆಂದರೇನು?

ಹತ್ತು ಗಂಟೆಯ ಬಸ್ಸಿಗೆ ತಾಲ್ಲೂಕಿಗೆ ಹೋದಳು.

ನಿಗಾ ಕೇಂದ್ರ ಹಳೆಯ ಬೀಜದ ಗೋದಾಮಿನಲ್ಲಿತ್ತು. ಊರಿನವರು ಅದನ್ನು ಗೆರಿ ಆಫೀಸು ಎನ್ನುತ್ತಿದ್ದರು. ಒಳಗೆ ಒಂದು ಇಡೀ ಗೋಡೆ ತುಂಬ ಗೆರೆಗಳು. ಮುನ್ನೂರು ಚಿಲ್ಲರೆ ಗಂಡಸರು ಆ ಹೊತ್ತಿಗೆ ಏನು ಮಾಡುತ್ತಿದ್ದಾರೆಂದು ಕಾಣುತ್ತಿತ್ತು. ಹೆಚ್ಚಿನವರು ಕೂತಿದ್ದರು. ಇಬ್ಬರು ಮೂವರು ಸೈಕಲ್ ತುಳಿಯುತ್ತಿದ್ದರು. ಮೇಜಿನ ಹಿಂದೆ ಇದ್ದವಳು ಹುಲಿಗೆಮ್ಮ, ಇಪ್ಪತ್ತೈದರ ಹುಡುಗಿ, ಗೋಡೆ ಕಾಯುವ ಕೆಲಸ ಅವಳದು.

"ಅಯ್ಯ ಅಕ್ಕಾರ, ನೀವ್ಯಾಕ ಬರಾಕ ಹೋದ್ರಿ? ಹದಿಮೂರು ಮುಗದ ಮ್ಯಾಲೆ ನಾವ ಬರ್ತಿದ್ವಿ ಡಬ್ಬಿ ಒಯ್ಯಾಕ."

"ಡಬ್ಬಿ ಓಡಾಕತ್ತೈತಿ."

"ಓಡ್ತೈತ್ರಿ. ಕರೆಂಟ್ ಇರೂಮಟ ಓಡ್ತಿರ್ತೈತಿ."

"ಗೆರಿ ಏಳ್ತೈತಿ. ನಡದಾಡ್ತೈತಿ. ನಿನ್ನಿತನ ಸೊನ್ನಿ ಇತ್ತು, ಇವತ್ತ ಒಂದು."

ಹುಲಿಗೆಮ್ಮನ ಕೈ ನಿಂತಿತು. ಹೆಸರು ಒತ್ತಿ ಪರದೆ ತಿರುಗಿಸಿ ತೋರಿಸಿದಳು. ಮೌನೇಶ ಬಡಿಗೇರ ಎಂಬ ಫೈಲು ಬೂದು ಬಣ್ಣದಲ್ಲಿತ್ತು, ಮೇಲೊಂದು ಬೀಗದ ಚಿತ್ರ. "ಸೂತಕದ ಬೀಗ್ರಿ. ಹದಿಮೂರು ದಿನ ನಾವು ನೋಡಂಗಿಲ್ಲ, ಮುಟ್ಟಂಗಿಲ್ಲ, ಮನಿಗೆ ಫೋನ್ ಸುದ್ದಾ ಮಾಡಂಗಿಲ್ಲ. ಹಿಂದಕ ಒಂದೂರಾಗ ನಾಲ್ಕನೇ ದಿನಕ್ಕ ಡಬ್ಬಿ ಒಯ್ಯಾಕ ಗಾಡಿ ಹೋಗಿತ್ತು. ಸತ್ತವ್ರ ವಸ್ತು ದಿನ ಆಗೂಮಟ ಹೊಸ್ತಿಲಾ ದಾಟಬಾರದು ಅಂತ ಇಡೀ ಓಣಿ ಗಾಡಿಗೆ ಅಡ್ಡ ಕುಂತಿತಂತ. ಅವತ್ತಿಂದ ಬೀಗ ತಾನ ಬೀಳ್ತೈತಿ, ತಾನ ತೆರೀತೈತಿ. ತೆರದಾಗ ಫೈಲು ಅಳಿಸೇ ಹೋಗಿರ್ತೈತ್ರಿ."

"ಒಳಗ ಬಂದದ್ದು?"

"ಒಳಗ ಏನ್ ಬರ್ತೈತ್ರಿ ಅಕ್ಕಾ," ಎಂದಳು ಹುಲಿಗೆಮ್ಮ, ದನಿ ತಗ್ಗಿಸಿ. "ಅವರ ಇಲ್ಲಲ್ಲ."

ವಾರಿಜಾ ತಲೆಯಾಡಿಸಿದಳು. ಎದುರಿಗೆ ಆಗ ತಾನೇ ಕುಡಿಯಲು ಇಟ್ಟ ನೀರಿತ್ತು. ಅದನ್ನು ಎತ್ತುವಾಗ ಗೋಡೆಯ ಕೆಳಸಾಲಿನಲ್ಲಿ ಒಂದು ಗೆರೆ ಕಣ್ಣಿಗೆ ಬಿತ್ತು. ಉಳಿದವೆಲ್ಲ ಕೂತಲ್ಲೂ ಸಣ್ಣಗೆ ಉಸಿರಾಡುತ್ತಿದ್ದವು. ಇದು ಸುಣ್ಣದ ದಾರ ಹೊಡೆದ ಹಾಗೆ ನೇರವಾಗಿತ್ತು.

"ಅದು ಯಾರದು?"

"ಅದೇನ್ರಿ? ನಿಮ್ಮ ಕ್ಯಾಂಪಿನವರ, ಲಾಲಸಾಬ್ ಅಂತ. ಪಟ್ಟಿ ಬಿಚ್ಚಿ ಒಗದಾರ. ನಮ್ಮ ಇಡೀ ಗೋಡಿಯೊಳಗ ಭಾಳ ಕೆಟ್ಟ ಎಣಿಕಿ ಅವರದು, ಹನ್ನೊಂದು. ಫೋನ್ ಮಾಡಿದ್ರ 'ನಾ ಗಟ್ಟಿಮುಟ್ಟ ಅದೀನಿ, ಎಮ್ಮಿ ಹಿಂಡಾಕತ್ತೀನಿ, ಆಮ್ಯಾಲೆ ಮಾಡವಾ' ಅಂತಾರ. ಹನ್ನೊಂದು ಇಟ್ಕೊಂಡು ಯಾರಾರ ಎಮ್ಮಿ ಹಿಂಡ್ತಾರೇನ್ರಿ?"

ಲಾಲಸಾಬ್. ಕಾಲುವೆಯ ತೂಬು ಕಾಯುತ್ತಿದ್ದು ನಿವೃತ್ತನಾದವನು, ಮೌನೇಶನಿಗೆ ಕೆಲಸ ಕಲಿಸಿದವನು, ಕುಂಬಳಕಾಯಿಯಂಥ ಹೊಟ್ಟೆ. ಇಬ್ಬರಿಗೂ ಒಂದೇ ರೋಗ, ತಪಾಸಣೆಗೆ ತಿಂಗಳಿಗೊಮ್ಮೆ ಇಬ್ಬರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದರು.

"ಯಾವಾಗ ಬಿಚ್ಯಾರ?" ಅವಳ ದನಿ ಅವಳಿಗೇ ದೂರದಿಂದ ಕೇಳಿತು.

"ಹೋದ ಗುರುವಾರ. ಇವತ್ತಿಗೆ ವಾರ ಆತು. ಮಧ್ಯಾಹ್ನ ಮೂರು ನಲವತ್ತಕ್ಕ ಗೆರಿ ಇಳದೈತಿ. ನಾಲ್ಕು ಹತ್ತಕ್ಕ ಪಟ್ಟಿ ಬಿಚ್ಚಿದ ಗುರ್ತು ಐತಿ."

ನಾಲ್ಕು ಹತ್ತಕ್ಕೆ ಪಟ್ಟಿ ಬಿಚ್ಚಿದ್ದು ಈ ಕೈಗಳು. ಕೊಂಡಿ ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿ ಎಳೆದಿದ್ದಳು.

"ಇದರ ಹಿಂದಿಂದು ತೋರಸ್ತೀರೇನ್ರಿ? ನಮ್ಮ ಪೈಕಿ ಅವರು. ಹೇಳಿ ನೋಡ್ತೀನಿ."

ಹುಲಿಗೆಮ್ಮ ತೋರಿಸಿದಳು. ಹತ್ತು ತಿಂಗಳು ಗೋಡೆಯ ಮೇಲೆ ಹಿಂದಕ್ಕೆ ಹರಿದವು. ಬೆಳಗಿನ ಐದೂವರೆಗೆ ಗೆರೆ ಮಲಗಿತ್ತು. ಅವಳ ಪಕ್ಕದಲ್ಲಿ ಮಲಗಿತ್ತು. ಹಗಲೆಲ್ಲ ಚಿಕ್ಕ ಚಿಕ್ಕ ಏರು, ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಬಾಗಿಲಿಗೆ. ತಿಂಗಳು ಕಳೆದಂತೆ ಅವು ತಗ್ಗಾಗುತ್ತ ಬಂದಿದ್ದವು. ಅಂಕಿ ಆರು, ಎಂಟು, ಒಂಬತ್ತು, ಹನ್ನೊಂದು. ಪ್ರತಿ ಸಂಜೆ ಆರಕ್ಕೆ ಮಾತ್ರ ಒಂದು ಏರು ತಪ್ಪದೆ ಇತ್ತು. ಕೊನೆಯ ವಾರದಲ್ಲೂ ಇತ್ತು. ಅವಳ ಭುಜ ಹಿಡಿದು ಮನೆಯಿಂದ ಏರಿಯವರೆಗೆ, ಶೇಂಗಾದ ಪೊಟ್ಟಣ ಜೇಬಿನಲ್ಲಿ.

"ಒಂದು ಇದ್ದಾಗ ಗೊತ್ತಾದ್ರ ಏನ್ ಮಾಡ್ತಾರ?" ಎಂದು ಕೇಳಿದಳು.

"ಒಂದೋ ಎರಡೋ, ಅದೂ ಕಿಬ್ಬೊಟ್ಟಿಯೊಳಗ ಇದ್ರ, ಲಗೂನ ಕಿರಣ ಕೊಟ್ಟು ಸೂಜಿ ಮುಂದುವರಸ್ತಾರ್ರಿ. ಹತ್ತು ವರ್ಷ, ಹದಿನೈದು ವರ್ಷ ಬದುಕಿದವ್ರು ಎಷ್ಟೋ ಮಂದಿ ಅದಾರಂತ ದೊಡ್ಡ ಡಾಕ್ಟರು ಹೇಳ್ತಾರ. ಸುಮ್ನ ಬಿಟ್ರ ಬೆನ್ನಿನ ಗುಂಟ ಮ್ಯಾಲಿನ ಸಾಲಿಗೆ ಹತ್ತತಾವು. ಆಮ್ಯಾಲೆ ಎಲುಬು. ಆಮ್ಯಾಲೆ ನಮ್ಮ ಗೋಡಿ ಬರೇ ನೋಡಾಕಷ್ಟ."

ಬಸ್ಸಿನಲ್ಲಿ ಕೂತು ವಾರಿಜಾ ಕಿಟಕಿಗೆ ತಲೆ ಆನಿಸಿದಳು. ಕತೆ ಈಗ ತಿಳಿಯಾಗಿತ್ತು. ಮೌನೇಶ ತನ್ನ ಪಟ್ಟಿಯನ್ನು ಲಾಲಸಾಬನ ಸೊಂಟಕ್ಕೆ ಕಟ್ಟಿ, ಅವನದನ್ನು ತಾನು ಕಟ್ಟಿಕೊಂಡಿದ್ದ. ಹತ್ತು ತಿಂಗಳು ಅವಳ ಅಡುಗೆಮನೆಯಲ್ಲಿ ಬೆಳಗಿನ ಹೊತ್ತು ನಡೆದಾಡಿದ್ದು ಇನ್ನೊಬ್ಬನ ದುಗ್ಧರಸ. ಈಗ ಆ ಬದುಕಿರುವ ಮನುಷ್ಯನ ಮೈಯಲ್ಲಿ ಮೊದಲ ಗುಂಡಿಗೆ ಕಸ ಬಿದ್ದಿದೆ. ಅವನ ಸ್ವಂತ ಫೈಲಿಗೆ ಅದು ಗೊತ್ತಿಲ್ಲ. ಕೇಂದ್ರಕ್ಕೆ ಗೊತ್ತಿಲ್ಲ, ಬೀಗ ಬಿದ್ದಿದೆ. ಐದು ದಿನ ಕಳೆದರೆ ಫೈಲು ಅಳಿಸಿಹೋಗುತ್ತದೆ. ಇಡೀ ಲೋಕದಲ್ಲಿ ಆ ಒಂದು ಅಂಕಿ ಕಾಣುತ್ತಿರುವುದು ತನ್ನ ಒಲೆಯ ಮೇಲಿನ ಗೋಡೆಯಲ್ಲಿ.

ಪಟ್ಟಿ ಹಿಂದಿರುಗಿಸಿದರೆ ಸಾಕು. ಸರಿಯಾದ ಸೊಂಟಕ್ಕೆ ಸರಿಯಾದ ಹೆಸರು ಬಂದರೆ ಫೈಲು ತಾನೇ ಮಾತಾಡುತ್ತದೆ. ಆದರೆ ಆ ಗಳಿಗೆಯಿಂದ ಅಡುಗೆಮನೆಯ ಗೆರೆ ಏಳುವುದಿಲ್ಲ.

ಅವಳು ನಾಳೆ ಎಂದುಕೊಂಡಳು. ನಾಡಿದ್ದು ಎಂದೂ ಅಂದುಕೊಂಡಳು. ಇನ್ನೂ ಐದು ದಿನ ಇದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡಾಗ, ಗಂಡನ ಕಾಲಿಗೆ ಎಣ್ಣೆ ಹಚ್ಚಿದ ಬೆರಳುಗಳತ್ತ ಅವಳ ಕಣ್ಣು ಹೋಯಿತು.

ಸಂಜೆ ಅತ್ತೆಯ ಎದುರು ಕೂತು ಎಲ್ಲ ಹೇಳಿದಳು. ಈರಮ್ಮ ಕಾಳು ಆರಿಸುತ್ತ ಕೇಳಿದಳು. ಮೊರ ಕೆಳಗಿಟ್ಟಳು.

"ಯಾರರ ಆಗವಲ್ರಾಕ. ನಡದಾಡಾಕತ್ತಿತ್ತಲ್ಲ," ಎಂದಳು. "ಹದಿಮೂರರ ಮಟ ಇರಲಿ ಅಂದ್ರ ಪಾಪ ಬರ್ತೈತೇನ?"

"ಗೊತ್ತಿಲ್ರಿ ಅತ್ತಿ. ನನಗೂ ಹಂಗ ಅನಸ್ತೈತಿ."

"ಹೆಂಗಿದ್ರೂ ಸತ್ತವನ ವಸ್ತು ಹೊಸ್ತಿಲ ದಾಟಬಾರದು."

ಈರಮ್ಮ ಮತ್ತೆ ಮೊರ ಎತ್ತಿಕೊಂಡಳು.

ಮರುದಿನ ಗೆರೆ ಎದ್ದಾಗ ಇಬ್ಬರೂ ಡಬ್ಬಿಯ ಮುಂದಿದ್ದರು. ಒಂದು ಎಂಬ ಅಂಕಿಯ ಹಿಂದೆ ಇನ್ನೊಂದು ಆಕಾರ ಮಿನುಗಿ ಮಾಯವಾಗುತ್ತಿತ್ತು, ಮತ್ತೆ ಮಿನುಗುತ್ತಿತ್ತು. ಎರಡನೆಯ ಕಾಳು ಇನ್ನೂ ಹೌದೋ ಅಲ್ಲವೋ ಎಂದು ಅನುಮಾನಿಸುತ್ತಿತ್ತು. ಅದರಡಿಯಲ್ಲಿ ಲಾಲಸಾಬ್ ಏನೂ ತಿಳಿಯದೆ ಬೀಸು ಹೆಜ್ಜೆ ಹಾಕುತ್ತಿದ್ದ.

ಈರಮ್ಮ ಪಡಸಾಲೆಗೆ ಹೋದಳು. ಟ್ರಂಕಿನ ಸದ್ದಾಯಿತು. ಪಟ್ಟಿ ತಂದು ಸೊಸೆಯ ಕೈಗಿಟ್ಟಳು.

"ತಗೊಂಡು ಹೋಗು. ಇದು ಅವಂದಲ್ಲಲ್ಲ. ಇಸಗೊಂಡದ್ದು ದಾಟಬಹುದು."

"ನೀವು?"

ಈರಮ್ಮ ಮಣೆ ಎಳೆದು ಡಬ್ಬಿಯ ಕೆಳಗೆ ಕೂತಳು, ಸೆರಗು ಸರಿಮಾಡಿಕೊಂಡಳು. "ನಾ ಇಲ್ಲಿ ಕುಂದರ್ತೀನಿ. ಆವತ್ತ ಅವನ ಬಾಜೂಕ ನಾ ಇರಲಿಲ್ಲ."

ಏರಿಯ ಮೇಲೆ ಬೆಳಕು ಹರಿದಿತ್ತು. ಕಾಲುವೆ ತುಂಬಿ ಹರಿಯುತ್ತಿತ್ತು, ಆಚೆ ದಂಡೆಯ ಗದ್ದೆಗಳಲ್ಲಿ ನಾಟಿ ಮುಗಿದಿತ್ತು. ದೂರದ ತೂಬಿನ ಕಡೆಯಿಂದ ಲಾಲಸಾಬ್ ಬರುತ್ತಿದ್ದ, ತಲೆಗೆ ಟವೆಲು, ಹೊಟ್ಟೆ ಮುಂದೆ. ಅವಳನ್ನು ಕಂಡು ನಿಂತ. ಕೈಯಲ್ಲಿದ್ದದ್ದನ್ನು ನೋಡಿದ.

"ಬರ್ತೀಯಂತ ಗೊತ್ತಿತ್ತು ಯವ್ವಾ. ಹದಿಮೂರು ಆಗ್ಲಿ ಅಂತ ನಾನ ತಡದಿದ್ದೆ. ಸೂತಕದ ಮನಿಗೆ ಬಂದು ನನ್ನ ವಸ್ತು ಕೊಡ್ರಿ ಅಂತ ಹೆಂಗ ಕೇಳ್ಲಿ?"

"ಯಾಕ ಕೊಟ್ರಿ ಕಾಕಾ?"

"ಒಂದ ತಿಂಗಳಾ ಕೊಡು ಅಂದ. ನನ್ನ ಹೇಣ್ತಿ ನನ್ನ ಮಾರಿ ನೋಡವಲ್ಲಳು, ಗ್ವಾಡಿ ನೋಡಾಕತ್ತಾಳ ಅಂದ." ಅವನು ಟವೆಲಿನಿಂದ ಮುಖ ಒರೆಸಿದ. "ನನ್ನ ಡಬ್ಬಿಗೆ ನಾ ಮೊದಲ ದಿನಾನ ಗೋಣಿಚೀಲ ಮುಚ್ಚಿದ್ದೆ. ನನಗ ಬ್ಯಾಡಾದ ಸೊನ್ನಿ ಅವನಿಗರ ಉಪಯೋಗ ಆಗ್ಲಿ ಅಂದೆ. ಗೆರಿ ಆಫೀಸಿನ್ಯಾಗ ಮೌನೇಶ ಬಡಿಗೇರ ಅಂತ ಕೂಗಿದ್ರ ನಾ ಏಳ್ತಿದ್ದೆ. ಲಾಲಸಾಬ್ ಅಂದ್ರ ಅವ. ಡಾಕ್ಟರು ತಿಂಗಳಿಗೊಬ್ರು ಹೊಸಬ್ರು, ಪಟ್ಟಿ ನೋಡವ್ರು, ಮನಷಾನ್ನ ನೋಡವ್ರಲ್ಲ. ಬಡಿಗೇರ ಮಂದಿ ಇಷ್ಟುದ್ದ ಗಡ್ಡ ಯಾಕ ಬಿಟ್ಟೀರಿ ಅಂತ ಸುದ್ದಾ ಒಬ್ರೂ ಕೇಳಲಿಲ್ಲ."

ವಾರಿಜಾಳ ಗಂಟಲಿನಿಂದ ನಗುವಿನಂಥ ಒಂದು ಸದ್ದು ಬಂತು. ಎಂಟು ದಿನದಲ್ಲಿ ಅದು ಮೊದಲನೆಯದು. ಅದರ ಹಿಂದೆಯೇ ಕಣ್ಣು ತುಂಬಿದವು.

"ಅವನ ಔಷಧ ಅವನಿಗ ಬಂತವ್ವಾ, ಅದರಾಗ ಮೋಸ ಇಲ್ಲ. ಒಂದ ತಿಂಗಳು ಹೋಗಿ ಎರಡಾತು, ಮೂರಾತು. ಮನ್ಯಾಗ ನಗಾಕತ್ತಾಳ ಕಾಕಾ, ಇನ್ನೊಂದು ತಿಂಗಳು ಅಂತಿದ್ದ. ಅವ ಹ್ವಾದ ಮ್ಯಾಲೆ..." ಲಾಲಸಾಬ್ ನೀರಿನತ್ತ ನೋಡಿದ. "ನಾ ನಡದ್ರ ನಿಮ್ಮ ಗ್ವಾಡಿ ಮ್ಯಾಲೆ ನಡೀತೈತಿ ಅಂತ ಗೊತ್ತಿತ್ತು. ಅವನ ತಾಯಿ ನೋಡ್ತಿರತಾಳೇನೋ ಅಂತ ದಿನಾ ಒಂದಿಷ್ಟು ಜಾಸ್ತೀನ ನಡದೆ. ಮೊಣಕಾಲು ಹಿಡದಾವ."

ವಾರಿಜಾ ಪಟ್ಟಿ ಮುಂದೆ ಚಾಚಿದಳು.

"ಕಾಕಾ, ನಿಮ್ಮ ಎಣಿಕಿ ಸೊನ್ನಿ ಇಲ್ಲ ಈಗ. ನಿನ್ನೆ ಒಂದಾತು. ಇವತ್ತ ಎರಡಕ್ಕ ಬಂದೈತಿ."

ಗೋಣಿಚೀಲ ಮುಚ್ಚಿದ ಡಬ್ಬಿಯ ಮನುಷ್ಯ, ಮುಚ್ಚಲು ಏನೂ ಇಲ್ಲದೆ ಕೈಗಳನ್ನು ಒಂದಕ್ಕೊಂದು ತಿಕ್ಕಿದ.

"ಎರಡು ಅಂದ್ರ ಎಷ್ಟವ್ವಾ?"

"ಎರಡು ಅಂದ್ರ ಇನ್ನಾ ಹೊತ್ತೈತಿ. ಇವತ್ತ ಕಟ್ಕೊಂಡ್ರ ಇವತ್ತ ಅವರಿಗೆ ಗೊತ್ತಾಗ್ತೈತಿ. ಹತ್ತು ಗಂಟೇದ ಬಸ್ಸಿಗೆ ಹೋಗೂಣು. ನಾನೂ ಬರ್ತೀನಿ."

"ನಿನಗ ಸೂತಕ ಐತಲ್ಲ."

"ಬರ್ತೀನಿ."

ಅವನು ಅತ್ತ ತಿರುಗಿ ಬನಿಯನ್ ಎತ್ತಿ, ಮೌನೇಶನ ಹೆಸರಿನ ಪಟ್ಟಿಯ ಕೊಂಡಿ ಬಿಚ್ಚಿದ. ಅದರ ಹಸಿರು ದೀಪ ಸ್ವಲ್ಪ ಹೊತ್ತು ಹೊಳೆದು ಆರಿತು. ವಾರಿಜಾ ಅದನ್ನು ತೆಗೆದುಕೊಂಡಳು; ಇನ್ನೂ ಮೈಯ ಬಿಸಿ ಇತ್ತು. ಅವಳ ಕಣ್ಣು ಕ್ವಾರ್ಟರ್ಸಿನ ಸಾಲಿನತ್ತ ಹೋಯಿತು. ಅಡುಗೆಮನೆಯ ಕಿಟಕಿಯಲ್ಲಿ ಹಗಲಲ್ಲೂ ಉರಿಯುತ್ತಿದ್ದ ದೀಪವನ್ನು ಯಾರೋ ಎದ್ದು ಆರಿಸಿದರು.

ಲಾಲಸಾಬ್ ತನ್ನ ಪಟ್ಟಿಯನ್ನು ಹೊಟ್ಟೆಗೆ ಸುತ್ತಿ ಬೆರಳಿನಿಂದ ತೂತು ಹುಡುಕಿದ. ಮೊದಲು ಸಿಕ್ಕಿದ್ದು ಸುಟ್ಟ ಅಂಚಿನ ಒಂದು ಚಿಕ್ಕ ತೂತು. ಅದಕ್ಕೆ ಎಷ್ಟು ಎಳೆದರೂ ಪಟ್ಟಿ ಸಾಲಲಿಲ್ಲ.

"ಅದಲ್ರಿ ಕಾಕಾ," ಎಂದಳು ವಾರಿಜಾ. "ಅವು ಐದೂ ಅವರು ಕೊರದಿದ್ದು. ತುದೀಗೆ ಬರ್ರಿ. ಅಲ್ಲೈತಿ ನೋಡ್ರಿ, ನಿಮ್ದು."